ಪ್ರಯೋಗಶಾಲೆಯ ಖಾಲಿ ಸೀಸೆಗಳು

ವಾರ್ಷಿಕ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಸಮೀಪಿಸಿದಾಗ ವಿದ್ಯಾಶಾಲೆಗಳಲ್ಲಿ ಒಂದು ಕಾರ್ಯ ತಪ್ಪದೆ ನಡೆಯುತ್ತದೆ. ರಸಾಯನಶಾಸ್ತ್ರದ ಪ್ರಯೋಗಶಾಲೆಯ ಬೀರುಗಳನ್ನು ತೆರೆದು, ದಾಸ್ತಾನು ಪುಸ್ತಕದೊಡನೆ ತಾಳೆ ನೋಡಿ, ತೀರಿಹೋದ ಪದಾರ್ಥಗಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಲಾಗುತ್ತದೆ. ಗೆರೆ ಬಿದ್ದೊಡನೆ, ಪುಸ್ತಕದ ಮಟ್ಟಿಗೆ, ಆ ಪದಾರ್ಥದ ಕಥೆ ಮುಗಿಯಿತು. ಆದರೆ ಅದನ್ನು ಹೊತ್ತು ತಂದ ಸೀಸೆ ಕಿಟಕಿಯ ಕಟ್ಟೆಯ ಮೇಲೋ, ನೀರಿನ ತೊಟ್ಟಿಯ ಕೆಳಗೋ, ಅಟ್ಟದ ಮೂಲೆಯಲ್ಲೋ ಉಳಿದೇ ಇರುತ್ತದೆ. ಅದಕ್ಕೆ ಪುಸ್ತಕದಲ್ಲಿ ಸ್ಥಾನವಿಲ್ಲ, ಲೆಕ್ಕ ಕೇಳುವವರಿಲ್ಲ, ಕೊಂಡೊಯ್ದರೆ ತಡೆಯುವವರೂ ಇಲ್ಲ.

ಅದು ಎಲ್ಲಿಗೆ ಹೋಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಎರಡೂವರೆ ಲೀಟರು ಹಿಡಿಯುವ ಕಂದು ಗಾಜಿನ ಆಮ್ಲದ ಸೀಸೆ ನೋಟಕ್ಕೆ ಚೆಂದ, ಕೈಗೆ ಗಟ್ಟಿ, ಮುಚ್ಚಳವೋ ಬಲು ಬಿಗಿ. ಒಬ್ಬರು ಫಿನೈಲು ತುಂಬಲು ಒಯ್ಯುತ್ತಾರೆ, ಇನ್ನೊಬ್ಬರು ಬಳ್ಳಿ ನೆಡಲು ಒಯ್ಯುತ್ತಾರೆ. ಅರ್ಧ ಕಿಲೋ ಲವಣ ಹಿಡಿಯುವ ಅಗಲಬಾಯಿಯ ಪ್ಲಾಸ್ಟಿಕ್ ಡಬ್ಬಿಗಳಿಗಂತೂ ಬೇಡಿಕೆ ಇನ್ನೂ ಹೆಚ್ಚು. ತಿರುಗುಮುಚ್ಚಳದ ಆ ಬಿಳಿಯ ಡಬ್ಬಿ ಅಡುಗೆಮನೆಯ ನಿಲುವಿಗೆ ಹೇಳಿ ಮಾಡಿಸಿದಂತಿರುತ್ತದೆ. ಮಿಕ್ಕವು ಗುಜರಿಯವನ ತಕ್ಕಡಿ ಏರುತ್ತವೆ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ಉಪಯೋಗಕ್ಕೆ ಬರುವ ವಸ್ತುವನ್ನು ಬಿಸುಡಬಾರದೆಂಬುದು ಈ ನಾಡಿನ ಮನೆಮನೆಯ ಸಂಸ್ಕಾರ. ಬಡತನ ಕಲಿಸಿದ, ಮೆಚ್ಚತಕ್ಕ ಸಂಸ್ಕಾರ. ಪ್ರಯೋಗಶಾಲೆಯ ಬಾಗಿಲಲ್ಲಿ ಮಾತ್ರ ಆ ಸದ್ಗುಣವೇ ಅಪಾಯದ ದಾರಿಯಾಗುತ್ತದೆ ಎಂಬುದು ವಿಚಾರಾರ್ಹವಾದ ಸಂಗತಿ.

ಮೊದಲು 'ಖಾಲಿ' ಎಂಬ ಮಾತನ್ನೇ ಪರಿಶೀಲಿಸಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಈ ಪದಕ್ಕೊಂದು ವ್ಯಾಖ್ಯೆಯುಂಟು. ಸಾಮಾನ್ಯ ರೀತಿಯಲ್ಲಿ ಸುರಿದು ತೆಗೆಯಬಹುದಾದಷ್ಟನ್ನೂ ತೆಗೆದ ಮೇಲೆ, ಸಣ್ಣ ಪಾತ್ರೆಯಲ್ಲಿ ಅದರ ಧಾರಣಶಕ್ತಿಯ ತೂಕದ ನೂರಕ್ಕೆ ೩ ಭಾಗಕ್ಕಿಂತ ಹೆಚ್ಚು ಉಳಿಯದಿದ್ದರೆ ಅದನ್ನು ಖಾಲಿಯೆಂದು ಎಣಿಸಬಹುದು. ತೀವ್ರ ವಿಷಗಳಿದ್ದ ಪಾತ್ರೆಗಾದರೋ ಈ ರಿಯಾಯಿತಿ ಇಲ್ಲ. ಅದನ್ನು ತಕ್ಕ ದ್ರವದಿಂದ ಮೂರು ಬಾರಿ ತೊಳೆದ ಹೊರತು ಖಾಲಿಯೆನಿಸದು. ಈ ನೂರಕ್ಕೆ ಮೂರು ಭಾಗವೆಂಬುದು ಕೇಳಲು ಅಲ್ಪ. ಲೆಕ್ಕ ಹಾಕಿ ನೋಡಿದರೆ ಬೇರೆಯೇ ತೋರುತ್ತದೆ. ಪ್ರಬಲ ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ ೧.೮೪. ಎರಡೂವರೆ ಲೀಟರಿನ ಸೀಸೆಯಲ್ಲಿ ೪.೬ ಕಿಲೋಗ್ರಾಂ ಆಮ್ಲ ಹಿಡಿಯುತ್ತದೆ. ಅದರ ನೂರಕ್ಕೆ ಮೂರು ಎಂದರೆ ೧೩೮ ಗ್ರಾಂ. ಗಾತ್ರದಲ್ಲಿ ೭೫ ಮಿಲಿಲೀಟರು. ಒಂದು ಕಾಫಿ ಲೋಟವನ್ನು ಅರ್ಧಕ್ಕೂ ಮೇಲೆ ತುಂಬುವಷ್ಟು! ಕಾಗದದ ಮೇಲೆ ಖಾಲಿಯೆನಿಸಿಕೊಳ್ಳಬಲ್ಲ ಸೀಸೆಯೊಂದು ಮನುಷ್ಯನ ಮುಖವನ್ನು ಸುಡಲು ಬೇಕಾದುದಕ್ಕಿಂತ ಹೆಚ್ಚನ್ನೇ ಒಡಲಲ್ಲಿ ಇರಿಸಿಕೊಂಡಿರಬಹುದು. ಸಾಗಾಣಿಕೆಯ ಅನುಕೂಲಕ್ಕೆಂದು ಕಾನೂನು ಎಳೆದ ಗೆರೆ ಅದು. ಮಕ್ಕಳಿರುವ ಶಾಲೆಗೆ ಆ ಗೆರೆ ಸಾಲದು.

ಕಣ್ಣಿಗೆ ಕಾಣುವ ಉಳಿಕೆಯ ಮಾತು ಇದಾಯಿತು. ಕಾಣದ ಉಳಿಕೆಯೂ ಒಂದುಂಟು. ಈಥರ್, ಅಸಿಟೋನ್, ಮದ್ಯಸಾರ ಮೊದಲಾದ ಹಗುರ ದ್ರವಗಳ ವಿಷಯದಲ್ಲಿ ತುಂಬಿದ ಸೀಸೆಗಿಂತ ಬರಿದಾದ ಸೀಸೆಯೇ ಹೆಚ್ಚು ಅಪಾಯಕಾರಿ ಎಂದರೆ ಆಶ್ಚರ್ಯವಾದೀತು. ಕಾರಣ ಸರಳ. ಆವಿ ಹೊತ್ತಿಕೊಳ್ಳಬೇಕಾದರೆ ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆಯಬೇಕು. ದ್ರವ ತುಂಬಿರುವ ಸೀಸೆಯಲ್ಲಿ ಗಾಳಿಗೆ ಎಡೆಯೇ ಕಡಿಮೆ. ದ್ರವ ತೀರಿ ಗೋಡೆಗಳು ಮಾತ್ರ ಒದ್ದೆಯಾಗಿರುವಾಗ ಸೀಸೆಯೊಳಗೆ ಆವಿಯೂ ಗಾಳಿಯೂ ಕೂಡಿ ಸ್ಫೋಟಕ್ಕೆ ತಕ್ಕ ಮಿಶ್ರಣ ಸಿದ್ಧವಾಗುತ್ತದೆ. ಈಥರಿನ ಆವಿ ಗಾಳಿಯಲ್ಲಿ ನೂರಕ್ಕೆ ಸುಮಾರು ೨ ಭಾಗವಿದ್ದರೂ ಸಾಕು, ಕಿಡಿ ಸೋಕಿದೊಡನೆ ಹೊತ್ತಿಕೊಳ್ಳುತ್ತದೆ. ಮೇಲಾಗಿ ಈ ಆವಿ ಗಾಳಿಗಿಂತ ಭಾರ. ಮೇಜಿನಿಂದ ಇಳಿದು ನೆಲದ ಮೇಲೆ ಹರಿದು ದೂರದಲ್ಲಿ ಉರಿಯುತ್ತಿರುವ ದೀಪವನ್ನು ಮುಟ್ಟಬಲ್ಲದು. ಬರಿದಾದ ಸೀಸೆಯೆಂದು ಅದರ ಬಾಯಿಯ ಬಳಿ ಬೆಂಕಿಕಡ್ಡಿ ಗೀರುವ ಹುಡುಗಾಟ ಇದನ್ನು ಅರಿಯದು.

ಸೀಸೆಯ ನೆನಪು ಎಷ್ಟು ದೀರ್ಘವೆಂಬುದಕ್ಕೆ ಒಂದು ನಿದರ್ಶನ ಸಾಕು. ಅದು ಪ್ರಯೋಗಶಾಲೆಯಲ್ಲಿ ನಡೆದುದಲ್ಲ, ಆದರೆ ಶಾಲೆಯಲ್ಲಿಯೇ ನಡೆದುದು. ೨೦೧೩ನೆಯ ಇಸವಿಯ ಜುಲೈ ೧೬ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಮಧ್ಯಾಹ್ನದ ಊಟಕ್ಕೆ ಕುಳಿತರು. ಊಟದ ಕೆಲವೇ ಹೊತ್ತಿನಲ್ಲಿ ಒಬ್ಬೊಬ್ಬರಾಗಿ ವಾಂತಿ ಮಾಡಿಕೊಂಡು ಕುಸಿಯತೊಡಗಿದರು. ೨೩ ಮಕ್ಕಳು ಅಸುನೀಗಿದರು. ಅಡುಗೆಯ ಎಣ್ಣೆಯಲ್ಲಿ ಮೋನೊಕ್ರೋಟೋಫಾಸ್ ಎಂಬ ಕೀಟನಾಶಕವಿದ್ದುದು ನ್ಯಾಯವೈದ್ಯ ಪರೀಕ್ಷೆಯಿಂದ ಹೊರಬಿದ್ದಿತು. ಕೀಟನಾಶಕವಿದ್ದ ಡಬ್ಬದಲ್ಲಿ ಎಣ್ಣೆಯನ್ನು ಇರಿಸಲಾಗಿತ್ತೆಂದು ತನಿಖೆಯಲ್ಲಿ ತಿಳಿದುಬಂದಿತು. ಎಣ್ಣೆಯ ಬಗ್ಗೆ ಅಡುಗೆಯಾಕೆ ಸಂಶಯ ವ್ಯಕ್ತಪಡಿಸಿದ್ದಳೆಂದೂ ಆಗ ವರದಿಯಾಗಿತ್ತು. ೨೦೧೬ರಲ್ಲಿ ನ್ಯಾಯಾಲಯ ಆ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಅಪರಾಧಿಯೆಂದು ತೀರ್ಮಾನಿಸಿತು. ತೀರ್ಪು ಬಂದಿತು, ಮಕ್ಕಳು ಬರಲಿಲ್ಲ.

ಈ ದುರಂತವನ್ನು ದೂರದ ಊರಿನ ಸುದ್ದಿಯೆಂದು ಮಡಚಿ ಇಡುವ ಹಾಗಿಲ್ಲ. ಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಪಾಠಶಾಲೆ, ಪ್ರಯೋಗಶಾಲೆ, ವಿದ್ಯಾರ್ಥಿನಿಲಯ, ದಾಸೋಹದ ಅಡುಗೆಮನೆ ಎಲ್ಲವೂ ಸಾಮಾನ್ಯವಾಗಿ ಒಂದೇ ಆವರಣದೊಳಗಿರುತ್ತವೆ. ಪ್ರಯೋಗಶಾಲೆಯ ಹಿಂಬಾಗಿಲಿಗೂ ಅಡುಗೆಮನೆಯ ಹಿತ್ತಲಿಗೂ ಕೆಲವೇ ಮಾರು ದೂರ. ಬೇರಿಯಂ ಕ್ಲೋರೈಡ್ ವಿಷ, ನೋಟಕ್ಕೆ ಉಪ್ಪು. ಸೀಸದ ಅಸಿಟೇಟ್ ವಿಷ. ರುಚಿಯೂ ಸಿಹಿ, ಹಿಂದೆ ಅದಕ್ಕೆ ಸೀಸದ ಸಕ್ಕರೆಯೆಂದೇ ಹೆಸರಿತ್ತು. ಇಂಥವುಗಳ ಡಬ್ಬಿ ಆ ಕೆಲವು ಮಾರು ದೂರವನ್ನು ದಾಟದಂತೆ ತಡೆಯುವ ಏರ್ಪಾಡು ಏನಿದೆ? ಬಹುಪಾಲು ಕಡೆಗಳಲ್ಲಿ ಏನೂ ಇಲ್ಲ. ಈವರೆಗೆ ದಾಟಿಲ್ಲವೆಂಬುದು ಅದೃಷ್ಟವೇ ಹೊರತು ವ್ಯವಸ್ಥೆಯಲ್ಲ.

ಕಾನೂನಿನ ಕಣ್ಣಿಗೆ ಈ ವಿಷಯ ಹೊಸದೇನೂ ಅಲ್ಲ. ೧೯೫೮ರಲ್ಲಿ ಕೇರಳದಲ್ಲಿ, ಹಡಗಿನಲ್ಲಿ ಒಟ್ಟಿಗೆ ಸಾಗಿಬಂದ ಪ್ಯಾರಾಥಿಯಾನ್ ಕೀಟನಾಶಕ ಆಹಾರ ಪದಾರ್ಥಗಳಿಗೆ ಸೋರಿ ಬೆರೆತು ನೂರಕ್ಕೂ ಹೆಚ್ಚು ಮಂದಿ ಮಡಿದರು. ತರುವಾಯ ೧೯೬೮ರಲ್ಲಿ ಕೀಟನಾಶಕಗಳ ಅಧಿನಿಯಮವೂ ೧೯೭೧ರಲ್ಲಿ ಅದರ ನಿಯಮಗಳೂ ಬಂದವು. ಬಳಸಿದ ಡಬ್ಬಗಳನ್ನು ಮತ್ತೆ ಬಳಸಲು ಸಿಗುವಂತೆ ಹೊರಗೆ ಬಿಡಬಾರದು, ಒಡೆದು ಜನವಸತಿಯಿಂದ ದೂರ ಹೂಳಬೇಕು ಎಂದು ಆ ನಿಯಮಗಳೇ ವಿಧಿಸುತ್ತವೆ. ಹೂಳುವ ಸಲಹೆ ಅಂದಿನ ಕಾಲಕ್ಕೆ ತಕ್ಕುದಾಗಿತ್ತು. ಹೂತದ್ದು ಬಾವಿಯ ನೀರಿಗೆ ಇಳಿಯುತ್ತದೆಂಬ ಅರಿವು ಬಂದ ಮೇಲೆ ಪ್ರಯೋಗಶಾಲೆಯವರು ಅದನ್ನು ಅನುಸರಿಸುವುದು ಉಚಿತವಲ್ಲ. ಆದರೆ ಆ ನಿಯಮದ ಮೊದಲ ಅರ್ಧ, ಅಂದರೆ ಪಾತ್ರೆ ಮತ್ತೊಬ್ಬರ ಕೈಗೆ ಸಿಗಬಾರದೆಂಬ ವಿವೇಕ, ಇಂದಿಗೂ ಎಂದಿನಷ್ಟೇ ನಿಜ. ೨೦೧೬ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ಮೊದಲನೆಯ ಅನುಸೂಚಿ, ಅಪಾಯಕಾರಿ ರಾಸಾಯನಿಕಗಳಿಂದ ಮಲಿನವಾದ ಖಾಲಿ ಪೀಪಾಯಿಗಳನ್ನೂ ಪಾತ್ರೆಗಳನ್ನೂ ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತದೆ. ಕಾರ್ಖಾನೆಯವರು ಇದನ್ನು ಬಲ್ಲರು. ಶಾಲೆಯ ಪ್ರಯೋಗಶಾಲೆಯಲ್ಲಿ ಈ ಮಾತು ಕೇಳಿಬರುವುದು ಅಪರೂಪ.

ಇನ್ನು ಸೀಸೆಯ ಮೇಲಿನ ಚೀಟಿಯ ವಿಷಯ. ಲೇಬಲ್ಲೆಂದರೆ ಸೀಸೆಯ ನಾಲಗೆ. ಯಾವಾಗ ಅದು ಮಾತನಾಡಬೇಕು, ಯಾವಾಗ ಸುಮ್ಮನಾಗಬೇಕು ಎಂಬುದರಲ್ಲಿ ಒಂದು ಕ್ರಮವಿದೆ. ತೊಳೆಯುವವರೆಗೆ ಚೀಟಿ ಇರಲೇಬೇಕು; ತೊಳೆದು ಒಣಗಿಸಿದ ಮೇಲೆ ಇರಲೇಕೂಡದು. ರೂಢಿಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಆಮ್ಲದ ಹನಿ ಸೋರಿ ಚೀಟಿ ಮೊದಲೇ ತಿಂದುಹೋಗಿರುತ್ತದೆ. ಅಥವಾ ಸೀಸೆ ಚೆನ್ನಾಗಿ ಕಾಣಲೆಂದು ಯಾರೋ ನೀರಿನಲ್ಲಿ ನೆನೆಸಿ ಅದನ್ನು ಕಿತ್ತಿರುತ್ತಾರೆ, ಒಳಗಿನದು ಒಳಗೇ ಉಳಿದಿರುತ್ತದೆ. ಒಳಗೇನಿತ್ತೆಂದು ಹೇಳಬಲ್ಲ ಸಾಕ್ಷಿ ಹೀಗೆ ಅಳಿದ ಮೇಲೆ ಆ ಸೀಸೆಯನ್ನು ನೀರಿನಲ್ಲಿ ತೊಳೆಯಬಹುದೋ ಬಾರದೋ ಎಂದು ಪಂಡಿತನೂ ಹೇಳಲಾರ. ಇನ್ನೊಂದೆಡೆ, ತೊಳೆದು ಶುದ್ಧವಾದ ಸೀಸೆಯ ಮೇಲೆ 'ನೈಟ್ರಿಕ್ ಆಮ್ಲ' ಎಂಬ ಚೀಟಿ ಹಾಗೆಯೇ ಉಳಿದು ಅದರಲ್ಲಿ ಬಟ್ಟಿ ಇಳಿಸಿದ ನೀರು ತುಂಬಿದ್ದರೆ, ಚೀಟಿಯ ಮಾತನ್ನು ನಂಬಬೇಕಾಗಿಲ್ಲವೆಂಬ ಪಾಠವನ್ನು ವಿದ್ಯಾರ್ಥಿ ದಿನದಿನವೂ ಕಲಿಯುತ್ತಾನೆ. ಅಂಥ ಕಣ್ಣು ಒಂದು ದಿನ ನಿಜವಾದ ಚೀಟಿಯನ್ನೂ ಓದದೆ ದಾಟುತ್ತದೆ.

ಇದರ ಜೊತೆಗೆ ಎದುರು ದಿಕ್ಕಿನ ಸಂಚಾರವೂ ಒಂದುಂಟು. ಕುಡಿಯುವ ನೀರಿನ, ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗಳು ಪ್ರಯೋಗಶಾಲೆಯೊಳಕ್ಕೆ ಬಂದು, ದುರ್ಬಲ ಆಮ್ಲವನ್ನೋ ಶೌಚಾಲಯ ತೊಳೆಯುವ ಆಮ್ಲವನ್ನೋ ತುಂಬಿಕೊಂಡು ನಿಲ್ಲುತ್ತವೆ. ಬಾಯಾರಿ ಓಡಿಬಂದ ಮಗು ಬಾಟಲಿಯ ಆಕಾರವನ್ನು ನೋಡುತ್ತದೆಯೇ ಹೊರತು ಅದರ ಚರಿತ್ರೆಯನ್ನು ವಿಚಾರಿಸುವುದಿಲ್ಲ. ಆಹಾರದ ಪಾತ್ರೆ ಒಳಗೆ ಬರಬಾರದು, ರಾಸಾಯನಿಕದ ಪಾತ್ರೆ ಹೊರಗೆ ಹೋಗಬಾರದು. ಪ್ರಯೋಗಶಾಲೆಯ ಹೊಸ್ತಿಲಿಗೆ ಈ ಎರಡು ಕಾವಲುಗಳೂ ಬೇಕು.

ಹಾಗಾದರೆ ಸೀಸೆಯನ್ನು ಏನು ಮಾಡತಕ್ಕದ್ದು? ಮೊದಲನೆಯದು, ಪೂರ್ತಿ ಬಸಿಯುವುದು. ಸೀಸೆಯನ್ನು ಬಗ್ಗಿಸಿ ಕೊನೆಯ ಹನಿ ಇಳಿಯುವವರೆಗೆ ಕಾಯುವ ತಾಳ್ಮೆಯೇ ಅರ್ಧ ಕೆಲಸ. ಎರಡನೆಯದು, ಮೂರು ಬಾರಿ ತೊಳೆಯುವುದು. ಏಕೆ ಮೂರು ಬಾರಿ, ಒಂದೇ ಬಾರಿ ಹೆಚ್ಚು ನೀರು ಸುರಿದರಾಗದೇ ಎಂದು ಕೇಳುವವರುಂಟು. ಎಂಟನೆಯ ತರಗತಿಯ ಲೆಕ್ಕದಿಂದಲೇ ಇದಕ್ಕೆ ಉತ್ತರ ದೊರೆಯುತ್ತದೆ. ಬಸಿದ ಮೇಲೂ ಸೀಸೆಯ ಗೋಡೆಗಳಿಗೆ ೫ ಮಿಲಿಲೀಟರು ದ್ರವ ಅಂಟಿಕೊಂಡಿರುತ್ತದೆಂದು ಇಟ್ಟುಕೊಳ್ಳಬಹುದು. ಅದಕ್ಕೆ ಅರ್ಧ ಲೀಟರು ನೀರು ಹಾಕಿ ಕುಲುಕಿ ಚೆಲ್ಲಿದರೆ, ಮತ್ತೆ ಉಳಿಯುವ ೫ ಮಿಲಿಲೀಟರಿನಲ್ಲಿ ಮೂಲ ಪದಾರ್ಥ ಸುಮಾರು ನೂರರಲ್ಲಿ ಒಂದು ಭಾಗ. ಎರಡನೆಯ ಅರ್ಧ ಲೀಟರಿಗೆ ಅದು ಹತ್ತು ಸಾವಿರದಲ್ಲಿ ಒಂದು. ಮೂರನೆಯದಕ್ಕೆ ಹತ್ತು ಲಕ್ಷದಲ್ಲಿ ಒಂದು. ಅದೇ ಒಂದೂವರೆ ಲೀಟರು ನೀರನ್ನು ಒಂದೇ ಬಾರಿಗೆ ಸುರಿದಿದ್ದರೆ ಮುನ್ನೂರರಲ್ಲಿ ಒಂದು ಭಾಗ ಉಳಿಯುತ್ತಿತ್ತು. ನೀರು ಅಷ್ಟೇ, ಫಲದಲ್ಲಿ ಮೂರು ಸಾವಿರ ಪಟ್ಟು ಅಂತರ. ಅಂಗಳದಲ್ಲಿ ಕೊಳಾಯಿಯನ್ನು ಬಿಟ್ಟು ಸೀಸೆ ತುಂಬಿ ಹರಿಯುವುದನ್ನು ನೋಡುತ್ತ ನಿಲ್ಲುವುದಕ್ಕಿಂತ ಇದರಲ್ಲಿ ನೀರಿನ ಉಳಿತಾಯವೂ ಉಂಟು. ಗಣಿತದ ಉಪಾಧ್ಯಾಯರು ಹಿಂಜರಿಯದೆ ಇದನ್ನು ಕರಿಹಲಗೆಯ ಮೇಲೆ ಬರೆಯಬಹುದು.

ಮೊದಲ ತೊಳೆತದ ನೀರಿನಲ್ಲಿ ಉಳಿಕೆಯ ಬಹುಭಾಗವೂ ಬರುತ್ತದೆಯಾದ್ದರಿಂದ ಅದು ನೀರಲ್ಲ, ತ್ಯಾಜ್ಯ. ಸೀಸ, ಪಾದರಸ, ಬೇರಿಯಂ, ಕ್ರೋಮಿಯಂ ಮೊದಲಾದವುಗಳ ಲವಣಗಳಿದ್ದ ಪಾತ್ರೆಯ ಮೂರೂ ತೊಳೆತಗಳನ್ನು ಬೇರೆ ಸೀಸೆಯಲ್ಲಿ ಹೆಸರು ಬರೆದು ಸಂಗ್ರಹಿಸತಕ್ಕದ್ದು. ಮೋರಿಗೆ ಬಿಟ್ಟರೆ ಈ ಲೋಹಗಳು ಕರಗಿ ಮಾಯವಾಗುವುದಿಲ್ಲ, ತೆಂಗಿನ ಬುಡಕ್ಕೋ ಕೆರೆಗೋ ಹೋಗಿ ಸೇರುತ್ತವೆ. ಸಾಮಾನ್ಯ ಆಮ್ಲಗಳ ತೊಳೆತವನ್ನು ಅಡುಗೆ ಸೋಡದಿಂದ, ಬುರುಗು ನಿಲ್ಲುವವರೆಗೆ ಸ್ವಲ್ಪಸ್ವಲ್ಪವಾಗಿ ಹಾಕಿ ತಟಸ್ಥಗೊಳಿಸಿ, ಆಮೇಲೆ ಹೆಚ್ಚು ನೀರಿನೊಡನೆ ಬಿಡಬಹುದು. ಪ್ರಬಲ ಸಲ್ಫ್ಯೂರಿಕ್ ಆಮ್ಲದ ಸೀಸೆಯಲ್ಲಿ ಬಸಿಯದೆ ಬಿಟ್ಟ ಆಮ್ಲಕ್ಕೆ ಸ್ವಲ್ಪ ನೀರು ಹನಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಅದು ಕುದಿದು ಮುಖಕ್ಕೆ ಸಿಡಿಯುತ್ತದೆ.

ಎಲ್ಲ ಸೀಸೆಗಳನ್ನೂ ನೀರಿನಿಂದಲೇ ತೊಳೆಯಬಹುದೆಂಬ ಭ್ರಮೆಯೂ ಬೇಡ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ಲೋಹ ತೀರಿದ ಮೇಲೆ ಸೀಸೆಯ ತಳದಲ್ಲಿ ಬಟಾಣಿ ಗಾತ್ರದ ಚೂರುಗಳು ಉಳಿದಿರುತ್ತವೆ. ನೀರು ಸೋಕಿದರೆ ಜಲಜನಕ ಹೊರಟು ಹೊತ್ತಿಕೊಳ್ಳುತ್ತದೆ, ಮೇಲೆ ಸೀಮೆಎಣ್ಣೆ ಇದ್ದೇ ಇದೆ. ಅದನ್ನು ಅನುಭವಸ್ಥ ಉಪಾಧ್ಯಾಯರೇ, ಬೆಂಕಿಯಿಂದ ದೂರದಲ್ಲಿ, ಮದ್ಯಸಾರವನ್ನು ನಿಧಾನವಾಗಿ ಸೇರಿಸುತ್ತ ಶಮನಗೊಳಿಸಬೇಕು. ಲೋಹ ಪೂರ್ತಿ ಕರಗಿದ ಮೇಲಷ್ಟೇ ನೀರು. ಬ್ರೋಮಿನ್ ಇದ್ದ ಸೀಸೆಗೆ ಫೋಟೋ ತೊಳೆಯುವವರು ಬಳಸುತ್ತಿದ್ದ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟಿನ ದ್ರಾವಣ, ತಕ್ಕ ಮದ್ದು. ಬಹುಕಾಲ ಕುಳಿತ ಈಥರಿನ ಸೀಸೆಯ ಬಾಯಿಯ ಸುತ್ತ ಬಿಳಿಯ ಹರಳು ಕಂಡರೆ ಅದರ ಮುಚ್ಚಳವನ್ನು ತಿರುಗಿಸಲೇಬಾರದು. ಗಾಳಿಯೊಡನೆ ಕೂಡಿ ಹುಟ್ಟಿದ ಪೆರಾಕ್ಸೈಡು ಅದು. ಉಜ್ಜಿದ ಮಾತ್ರಕ್ಕೆ ಸಿಡಿಯಬಲ್ಲದು. ಅಲ್ಲಿಗೆ ಬಲ್ಲವರನ್ನು ಕರೆಯುವುದೊಂದೇ ದಾರಿ.

ಹಿಂದಿನ ತಲೆಮಾರಿನ ಪ್ರಯೋಗಶಾಲೆಗಳಲ್ಲಿ ಗಾಜಿನ ಪಾತ್ರೆ ಬೆಳಗಲು ಕ್ರೋಮಿಕ್ ಆಮ್ಲದ ಮಿಶ್ರಣವನ್ನು ಬಳಸುತ್ತಿದ್ದರು. ಪೊಟ್ಯಾಸಿಯಂ ಡೈಕ್ರೋಮೇಟನ್ನು ಪ್ರಬಲ ಆಮ್ಲದಲ್ಲಿ ಕರಗಿಸಿದ ಆ ಕಿತ್ತಳೆ ದ್ರವದ ಜಾಡಿ ಗೌರವದ ಸ್ಥಾನದಲ್ಲಿ ಇರುತ್ತಿತ್ತು. ಅದರಲ್ಲಿ ಅದ್ದಿ ತೆಗೆದ ಬ್ಯೂರೆಟ್ಟು ಹೊಳೆಯುವುದನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಷಡ್ವೇಲನ್ಸಿಯ ಕ್ರೋಮಿಯಂ ಅರ್ಬುದರೋಗಕ್ಕೆ ಕಾರಣವೆಂದು ನಿಶ್ಚಯವಾದ ಮೇಲೆ ಆ ಜಾಡಿಗೆ ಸ್ಥಾನವಿಲ್ಲ. ಇನ್ನು ಕೆಲವರು ಆಮ್ಲದ ಸೀಸೆಯ ವಾಸನೆ ಹೋಗಲೆಂದು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವುದುಂಟು. ಬ್ಲೀಚಿಂಗ್ ಪೌಡರಿಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಅದನ್ನು ತಯಾರಿಸುವ ವಿಧಾನವೆಂದೇ ಪಠ್ಯಪುಸ್ತಕಗಳು ಅದನ್ನು ವಿವರಿಸುತ್ತವೆ. ತರಗತಿಯಲ್ಲಿ ಸಮೀಕರಣವನ್ನು ಸರಿಯಾಗಿ ಬರೆಸಿದ ಶಾಲೆಯೇ ಬಚ್ಚಲಿನಲ್ಲಿ ಅದನ್ನು ಮರೆತರೆ ಕಲಿತದ್ದು ಎಲ್ಲಿಗೆ ಬಂತು?

ತೊಳೆದ ಸೀಸೆಯನ್ನು ತ್ಯಾಜ್ಯ ಸಂಗ್ರಹಕ್ಕೆಂದು ಪ್ರಯೋಗಶಾಲೆಯಲ್ಲೇ ಬಳಸುವುದು ಒಳ್ಳೆಯದೇ. ಆದರೆ ಹಿಂದೆ ಅದರಲ್ಲಿ ಏನಿತ್ತೆಂಬುದನ್ನು ನೋಡಿಕೊಂಡು ಬಳಸಬೇಕು. ಮದ್ಯಸಾರ ಅಥವಾ ಅಸಿಟೋನಿನ ಉಳಿಕೆ ಇರುವ ಸೀಸೆಗೆ ನೈಟ್ರಿಕ್ ಆಮ್ಲದ ತ್ಯಾಜ್ಯ ಸುರಿದು ಮುಚ್ಚಳ ಬಿಗಿದರೆ, ಒಳಗೆ ಅನಿಲ ಹುಟ್ಟಿ ಒತ್ತಡ ಏರಿ ಸೀಸೆ ಸಿಡಿದೀತು. ಪ್ಲಾಸ್ಟಿಕ್ ಡಬ್ಬಗಳು ಕೆಲವು ದ್ರವಗಳನ್ನು ತಮ್ಮ ಗೋಡೆಯೊಳಕ್ಕೇ ಹೀರಿಕೊಳ್ಳುವುದರಿಂದ ಎಷ್ಟು ತೊಳೆದರೂ ಅಡುಗೆಮನೆಗೆ ಯೋಗ್ಯವಾಗುವುದಿಲ್ಲ. ತೊಳೆದು, ಚೀಟಿ ಕೆರೆದು, ತಳದಲ್ಲಿ ತೂತು ಕೊರೆದುಬಿಟ್ಟರೆ ಅವುಗಳ ಮೇಲಿನ ಆಸೆ ತಾನಾಗಿಯೇ ಬಿಟ್ಟುಹೋಗುತ್ತದೆ.

ಈ ಕೆಲಸವನ್ನೆಲ್ಲ ಮಾಡುವವರು ಯಾರು ಎಂಬ ಪ್ರಶ್ನೆಯೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಸದ್ಯದಲ್ಲಿ ಮಾಡುವಾತ ಪ್ರಯೋಗಶಾಲೆಯ ಸೇವಕ. ಆತನ ವೇತನ ಎಲ್ಲರಿಗಿಂತ ಕಡಿಮೆ. ಸೀಸೆಯ ಮೇಲಿನ ಇಂಗ್ಲಿಷ್ ಚೀಟಿ ಆತನಿಗೆ ಓದಲು ಬಾರದಿರಬಹುದು. ಕೈಗವಸು ಕಪಾಟಿನಲ್ಲಿದ್ದು ಅದರ ಬೀಗದ ಕೈ ಬೇರೆಯವರಲ್ಲಿರುತ್ತದೆ. ಬೆರಳ ತುದಿ ಹಳದಿಯಾಗಿದ್ದರೆ ನೈಟ್ರಿಕ್ ಆಮ್ಲದ ಗುರುತು. ಅದನ್ನಾತ ವೃತ್ತಿಯ ಲಾಂಛನವೆಂಬಂತೆ ಹೊತ್ತು ತಿರುಗುತ್ತಾನೆ. ಆತನ ನಂತರ ಸೀಸೆಯನ್ನು ಮುಟ್ಟುವವನು ಗುಜರಿಯ ಹುಡುಗ. ಆತನಿಗೆ ಚೀಟಿಯ ಹಂಗೂ ಇಲ್ಲ, ಕೈಗವಸಿನ ಮಾತೂ ಇಲ್ಲ. ಹೀಗೆ ಅಪಾಯವು ತಿಳಿದವರ ಕೈಯಿಂದ ತಿಳಿಯದವರ ಕೈಗೆ, ಅಲ್ಲಿಂದ ಇನ್ನೂ ತಿಳಿಯದವರ ಕೈಗೆ ಮೆಟ್ಟಿಲಿಳಿಯುತ್ತದೆ. ಸ್ವಚ್ಛತೆಯ ಹೆಸರಿನಲ್ಲಿ ಇದನ್ನು ಒಪ್ಪುವುದು ನ್ಯಾಯವಲ್ಲ.

ಈ ಮೆಟ್ಟಿಲುಗಳು ಎಲ್ಲಿಗೆ ಒಯ್ಯುತ್ತವೆಂಬುದಕ್ಕೆ ೨೦೧೦ರ ದೆಹಲಿಯ ಪ್ರಸಂಗ ಸಾಕ್ಷಿ. ಅಲ್ಲಿನ ವಿಶ್ವವಿದ್ಯಾನಿಲಯವೊಂದರ ರಸಾಯನಶಾಸ್ತ್ರ ವಿಭಾಗದಲ್ಲಿ ೧೯೮೫ರಿಂದ ಬಳಕೆಯಿಲ್ಲದೆ ಬಿದ್ದಿದ್ದ ವಿಕಿರಣ ಯಂತ್ರವೊಂದು ಹಳೆಯ ಸಾಮಾನಿನೊಡನೆ ಹರಾಜಾಗಿ ಮಾಯಾಪುರಿಯ ಗುಜರಿಪೇಟೆಗೆ ಹೋಯಿತು. ಕೂಲಿಕಾರರು ಅದನ್ನು ಬಿಚ್ಚಿದರು. ಒಳಗಿದ್ದ ಕೋಬಾಲ್ಟ್-೬೦ ಹೊರಬಿದ್ದಿತು. ಒಬ್ಬನು ಸತ್ತನು, ಹಲವರು ತಿಂಗಳುಗಟ್ಟಲೆ ನರಳಿದರು. ಶಾಲೆಯ ಸೀಸೆಗೂ ಆ ಯಂತ್ರಕ್ಕೂ ಹೋಲಿಕೆಯಿಲ್ಲವೆಂಬುದು ಸರಿ. ಆದರೆ ಎರಡೂ ಹೊರಟುಹೋದ ಬಾಗಿಲು ಒಂದೇ: ಬಳಕೆ ಮುಗಿಯಿತು, ಪುಸ್ತಕದಿಂದ ಹೆಸರು ಹೊಡೆಯಿರಿ, ಗುಜರಿಗೆ ಕೊಡಿ.

ಆದುದರಿಂದ ಸೀಸೆಯನ್ನು ತೊಳೆಯುವ ವಿದ್ಯೆ ಪಾಠಕ್ರಮದ ಅಂಗವಾಗತಕ್ಕದ್ದು. ಲವಣವನ್ನು ಗುರುತಿಸಿದವನಿಗೆ ಅಂಕವಿದೆ, ದಾಖಲೆ ಪುಸ್ತಕವನ್ನು ಅಂದವಾಗಿ ಬರೆದವನಿಗೆ ಅಂಕವಿದೆ. ಪ್ರಯೋಗ ಮುಗಿದ ಮೇಲೆ ಉಳಿದುದನ್ನು ಸರಿಯಾದ ಸೀಸೆಗೆ ಸುರಿದವನಿಗೂ ಎರಡು ಅಂಕವಿರಲಿ. ಅಪಾಯವಿಲ್ಲದ ಪಾತ್ರೆಗಳನ್ನು ಹಿರಿಯ ತರಗತಿಯ ವಿದ್ಯಾರ್ಥಿಗಳು, ಉಪಾಧ್ಯಾಯರ ಕಣ್ಣೆದುರು, ಕನ್ನಡಕ ಕೈಗವಸು ಧರಿಸಿ ತೊಳೆಯಲಿ. ಅಪಾಯದವನ್ನು ಉಪಾಧ್ಯಾಯರೇ ತೊಳೆಯಲಿ. ಪ್ರಯೋಗಶಾಲೆಯ ಸೇವಕನನ್ನು ತರಬೇತಿಗೆ ಕಳುಹಿಸಿ, ಚೀಟಿಯ ಮೇಲಿನ ಕೆಂಪು ಅಂಚಿನ ವಜ್ರಾಕೃತಿಯ ಚಿಹ್ನೆಗಳ ಅರ್ಥವನ್ನು ಆತನಿಗೆ ಕನ್ನಡದಲ್ಲಿ ಬರೆದುಕೊಡಲಿ. ಅಕ್ಷರ ಬಾರದವರಿಗೂ ತಿಳಿಯಲೆಂದೇ ಅಂತಹ ಚಿತ್ರಗಳನ್ನು ರಚಿಸುವುದು. ತಿಳಿಸಿಹೇಳುವವರು ಮಾತ್ರ ಬೇಕು.

ಇಷ್ಟಕ್ಕೆಲ್ಲ ಹಣವೆಲ್ಲಿ, ಸಮಯವೆಲ್ಲಿ ಎಂಬ ಆಕ್ಷೇಪ ಸಹಜ. ಹಳ್ಳಿಯ ಪ್ರೌಢಶಾಲೆಯಲ್ಲಿ ಒಬ್ಬರೇ ಉಪಾಧ್ಯಾಯರು ಎರಡು ಮೂರು ವಿಷಯಗಳನ್ನು ಬೋಧಿಸುತ್ತಿರುವಾಗ ಸೀಸೆಗಳ ಸೇವೆಗೆ ಬಿಡುವು ಎಲ್ಲಿಂದ ಬರಬೇಕು? ಕಾರ್ಖಾನೆಗಳು ಪೀಪಾಯಿಗಟ್ಟಲೆ ಹೊಲಸನ್ನು ಹೊಳೆಗೆ ಬಿಡುತ್ತಿರುವಾಗ ಶಾಲೆಯ ಹತ್ತು ಹನಿಯ ಚಿಂತೆ ಏಕೆಂದು ಕೇಳುವವರೂ ಇದ್ದಾರೆ. ಈ ಎರಡನೆಯ ಮಾತಿಗೆ ಉತ್ತರ ಸುಲಭ. ಆ ಕಾರ್ಖಾನೆಗಳನ್ನು ನಾಳೆ ನಡೆಸುವವರು ಇಂದು ಇದೇ ಮೇಜುಗಳ ಮುಂದೆ ನಿಂತಿದ್ದಾರೆ. ಮೊದಲನೆಯ ಆಕ್ಷೇಪದಲ್ಲಿ ಮಾತ್ರ ನಿಜವಾದ ನೋವಿದೆ. ಅದನ್ನು ಉಪದೇಶದಿಂದ ತಳ್ಳಿಹಾಕುವುದು ಸಲ್ಲದು.

ಪರಿಹಾರದ ಒಂದು ಭಾಗ ಕೊಳ್ಳುವ ಕ್ರಮದಲ್ಲಿದೆ. ವರ್ಷಕ್ಕೆ ಮುನ್ನೂರು ಮಿಲಿಲೀಟರು ಆಮ್ಲ ಬಳಸುವ ಶಾಲೆ ಎರಡೂವರೆ ಲೀಟರಿನ ಸೀಸೆಯನ್ನು ತರಿಸುತ್ತದೆ, ಏಕೆಂದರೆ ದೊಡ್ಡ ಸೀಸೆಯಲ್ಲಿ ಲೀಟರಿನ ದರ ಅಗ್ಗ. ಮಾರ್ಚಿ ತಿಂಗಳೊಳಗೆ ಅನುದಾನವನ್ನು ಖರ್ಚು ಮಾಡಿ ತೋರಿಸುವ ಅವಸರವೂ ಸೇರಿಕೊಳ್ಳುತ್ತದೆ. ವಾಸ್ತವದಲ್ಲಿ ಅದು ಅಗ್ಗವಲ್ಲ. ಉಳಿದ ಆಮ್ಲವನ್ನು ಎಂಟು ವರ್ಷ ಕಾಯಬೇಕು, ಚೀಟಿ ಅಳಿಯುತ್ತದೆ, ಮುಚ್ಚಳ ಕಚ್ಚಿಕೊಳ್ಳುತ್ತದೆ, ಕಡೆಗೆ ಅಪಾಯದ ಒಂದು ದೊಡ್ಡ ಸೀಸೆ ಉಳಿಯುತ್ತದೆ. ಪ್ರನಾಳದಲ್ಲಿ ಐದು ಮಿಲಿಲೀಟರು ತೆಗೆದುಕೊಳ್ಳುವ ಪರೀಕ್ಷೆಯನ್ನು ಹತ್ತು ಹನಿಗಳಲ್ಲಿ ಮಾಡಬಹುದು, ಮಾಡುವವರೂ ಇದ್ದಾರೆ. ಬೇಡಿಕೆ ಕುಗ್ಗಿದರೆ ಖಾಲಿ ಸೀಸೆಗಳೂ ಕುಗ್ಗುತ್ತವೆ.

ಇನ್ನೊಂದು ಭಾಗ ಸಹಕಾರದಲ್ಲಿದೆ. ಇಲ್ಲಿ ಮಠದ ವಿದ್ಯಾಸಂಸ್ಥೆಗಳಿಗೆ ಇತರರಿಗಿಲ್ಲದ ಅನುಕೂಲವುಂಟು. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಪಡೆದ ತ್ಯಾಜ್ಯ ನಿರ್ವಾಹಕರು ಇಪ್ಪತ್ತು ಸೀಸೆಗಳಿಗಾಗಿ ಒಂದು ಹಳ್ಳಿಗೆ ಲಾರಿ ಕಳುಹಿಸುವುದಿಲ್ಲ. ಆದರೆ ದೊಡ್ಡ ಮಠವೊಂದರ ಆಡಳಿತದಲ್ಲಿ ಪ್ರಾಥಮಿಕ ಶಾಲೆಯಿಂದ ಹಿಡಿದು ಇಂಜಿನಿಯರಿಂಗ್ ಮತ್ತು ಔಷಧಶಾಸ್ತ್ರದ ಕಾಲೇಜುಗಳವರೆಗೆ ಹತ್ತಾರು ಸಂಸ್ಥೆಗಳಿರುತ್ತವೆ. ಅವುಗಳ ನಡುವೆ ಜಾತ್ರೆಗೆ ಅಕ್ಕಿಬೇಳೆಯ ಲಾರಿ ಓಡಾಡುತ್ತದೆ, ಪಠ್ಯಪುಸ್ತಕದ ಲಾರಿ ಓಡಾಡುತ್ತದೆ. ಅದೇ ವಾಹನದಲ್ಲಿ ಎಂದಲ್ಲ, ಖಂಡಿತ ಅಲ್ಲ. ಅದೇ ಏರ್ಪಾಡಿನ ಮಾದರಿಯಲ್ಲಿ, ವರ್ಷಕ್ಕೊಮ್ಮೆ, ಗೊತ್ತಾದ ದಿನದಂದು, ಎಲ್ಲ ಶಾಲೆಗಳ ಪಟ್ಟಿಯನ್ನೂ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗ ಪರಿಶೀಲಿಸಿ, ತೊಳೆಯಬಹುದಾದ ಸೀಸೆಗಳಿಗೆ ವಿಧಾನವನ್ನು ಬರೆದು ಕಳುಹಿಸಿ, ತೊಳೆಯಬಾರದವುಗಳಿಗೆ ಮಂಡಳಿಯ ಅನುಮತಿಯೊಡನೆ ನಿರ್ವಾಹಕರನ್ನು ಕರೆಸುವುದು ಅಸಾಧ್ಯವೇನಲ್ಲ. ಖರ್ಚು ಹತ್ತಾರು ಶಾಲೆಗಳಲ್ಲಿ ಹಂಚಿಹೋಗುತ್ತದೆ. ಬೇಕಾದ ವಿದ್ವಾಂಸರು ಸಂಸ್ಥೆಯಲ್ಲಿಯೇ ಇದ್ದಾರೆ. ಅವರನ್ನು ಯಾರೂ ಕೇಳಿಲ್ಲ, ಅಷ್ಟೇ.

ಅದು ಕೂಡಿಬರುವವರೆಗೆ ಪ್ರತಿಯೊಂದು ಶಾಲೆಯೂ ಇಂದೇ ಮಾಡಬಹುದಾದದ್ದು ಒಂದಿದೆ. ದಾಸ್ತಾನು ಪುಸ್ತಕದಲ್ಲಿ ಈಗಿರುವ ಕಾಲಂಗಳು ಎರಡು: ಬಂದ ತಾರೀಖು, ತೀರಿದ ತಾರೀಖು. ಮೂರನೆಯದೊಂದನ್ನು ಗೆರೆ ಹಾಕಿ ಬರೆಯಬೇಕು: ಪಾತ್ರೆ ಏನಾಯಿತು, ಯಾರು ತೊಳೆದರು, ಎಲ್ಲಿಗೆ ಹೋಯಿತು. ಆ ಕಾಲಂ ತುಂಬಿ ಉಪಾಧ್ಯಾಯರ ಸಹಿ ಬೀಳುವವರೆಗೆ ಕೆಂಪು ಗೆರೆ ಎಳೆಯಲಾಗದು. ಅಲ್ಲಿಯತನಕ ಸೀಸೆಗಳು ಅಡುಗೆಮನೆಯಿಂದಲೂ ಬಾವಿಯಿಂದಲೂ ದೂರವಿರುವ, ಗಾಳಿಯಾಡುವ, ಬೀಗವಿರುವ ಕೋಣೆಯಲ್ಲಿ ಇರಲಿ. ಆಮ್ಲದವು ಒಂದು ಕಡೆ, ಹೊತ್ತಿಕೊಳ್ಳುವವು ಇನ್ನೊಂದು ಕಡೆ, ಚೀಟಿಗಳು ಹೊರಮುಖವಾಗಿ. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಸೆಳೆಖಾನೆಯಲ್ಲಿರಲಿ. ಕೈಗವಸಿನ ಕಪಾಟಿನ ಬೀಗದ ಕೈ ಮಾತ್ರ ಪ್ರಯೋಗಶಾಲೆಯ ಸೇವಕನ ಬಳಿಯೇ ಇರಲಿ.